ನನ್ನ ಸ್ಟೆಮ್ ಸೆಲ್ ನಾನೇ ಎತ್ತಿಟ್ಟುಕೊಂಡಿದ್ದು

ಎಪಿಎಲ್, ಅಂದರೆ ಒಂದು ಥರದ ರಕ್ತದ ಕ್ಯಾನ್ಸರ್ (ಲುಕೇಮಿಯಾ), ಎರಡನೇ ಸಲ ಬಂದು, ಆರ್ಸೆನಿಕ್ ಔಷಧಿ ತಗೊಂಡು ಮತ್ತೆ ರೆಮಿಷನ್‌ಗೆ (ಕಾಯಿಲೆ ಕಾಣದ ಸ್ಥಿತಿಗೆ) ಬಂದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ರಕ್ತ ಹುಟ್ಟಿಸುವ ತಮ್ಮದೇ ಸ್ಟೆಮ್ ಸೆಲ್ ಈಗಲೇ ತೆಗೆಸಿಡಬೇಕಾ, ಇಲ್ಲ ದುಡ್ಡು ಹೊಂದಿಸಿಕೊಂಡು ಟ್ರಾನ್ಸ್‌ಪ್ಲಾಂಟ್ ಜೊತೆಗೇ ತೆಗೆಸಬೇಕಾ? ನಾನು ಮೊದಲು ತೆಗೆಸಿ ಇಟ್ಟೆ. ಏಳೆಂಟು ತಿಂಗಳು ಬಿಟ್ಟು ಹಾಕಿಸಿಕೊಂಡೆ. ಟ್ರಾನ್ಸ್‌ಪ್ಲಾಂಟ್ ಅಂದರೆ ಅದೇ, ಜೋರು ಕೀಮೋ ಕೊಟ್ಟು ಮ್ಯಾರೋ (ಮೂಳೆ ಮಜ್ಜೆ) ಖಾಲಿ ಮಾಡಿ ಸೆಲ್ ಹಾಕೋದು. ಬೇಡ ಅಂದವರೇ ಜಾಸ್ತಿ ಇದ್ದರು. ಈಗ ಟ್ರಾನ್ಸ್‌ಪ್ಲಾಂಟ್ ಆಗಿ ಎರಡು ವರ್ಷ ದಾಟಿದೆ, ಪಿಸಿಆರ್, ಅಂದರೆ ಅಳಿದುಳಿದ ಕಾಯಿಲೆ ಹುಡುಕುವ ಟೆಸ್ಟ್, ನೆಗೆಟಿವ್ ಆಗಿಯೇ ಇದೆ. ಅದಕ್ಕೇ ಸ್ವಲ್ಪ ಜಂಬದಿಂದಲೇ ಬರೀತಿದ್ದೇನೆ.

ಇದು ಎಲ್ಲ ಲುಕೇಮಿಯಾಗೂ ಅಲ್ಲ. ಎಎಲ್ಎಲ್ ಅನ್ನೋ ಲುಕೇಮಿಯಾದವರಿಗೆ, ಎಪಿಎಲ್ ಸೇರಿರುವ ಎಎಂಎಲ್ ಗುಂಪಿನ ಬೇರೆ ಥರದವರಿಗೆ ಟ್ರಾನ್ಸ್‌ಪ್ಲಾಂಟ್ ಅಂದರೆ ಸಾಮಾನ್ಯವಾಗಿ ದಾನಿಯ ಸೆಲ್ಲೇ. ಎಪಿಎಲ್‌ನಲ್ಲೂ ಮೊದಲನೇ ರೆಮಿಷನ್‌ನಲ್ಲಿ ಇದರ ಗೊಡವೆ ಬೇಡ. ಆಟ್ರಾ ಅನ್ನೋ ಔಷಧಿ, ಆರ್ಸೆನಿಕ್‌ನಲ್ಲೇ ಬಹುತೇಕ ಜನ ವಾಸಿಯಾಗುತ್ತಾರೆ. ನಾನು ಆ ಬಹುತೇಕರಲ್ಲಿ ಇರಲಿಲ್ಲ, ಅಷ್ಟೇ.

ನಮ್ಮದು ಚನ್ನಗಿರಿ ಕಡೆ. ಅಡಿಕೆ ತೋಟ. ಬೆಂಗಳೂರಲ್ಲಿ ಆಟೋಲೋಗಸ್‌ಗೆ (ನಮ್ಮದೇ ಸೆಲ್ ನಮಗೇ ಹಾಕುವ ಟ್ರಾನ್ಸ್‌ಪ್ಲಾಂಟ್‌ಗೆ) ಹೆಚ್ಚುಕಮ್ಮಿ ಏಳು ಲಕ್ಷ ಅಂದರು. ಕೊಯ್ಲಿಗೆ ಇನ್ನೂ ತಿಂಗಳುಗಟ್ಟಲೆ ಇತ್ತು, ಹಿಂದಿನ ವರ್ಷದ ಅಡಿಕೆ ಎಲ್ಲ ಮೊದಲ ಸಲದ ಆಸ್ಪತ್ರೆ ಬಿಲ್ಲಿಗೆ ಹೋಗಿತ್ತು. ನನ್ನ ಲೆಕ್ಕ ಸೀದಾ ಇತ್ತು. ಟ್ರಾನ್ಸ್‌ಪ್ಲಾಂಟ್‌ಗೆ ಮೂರು ಕೂಡಿ ಬರಬೇಕು: ಪಿಸಿಆರ್ ನೆಗೆಟಿವ್, ಮ್ಯಾರೋ ಗಟ್ಟಿ, ಕೈಯಲ್ಲಿ ದುಡ್ಡು. ಮೊದಲೆರಡು ಈಗ ಇವೆ, ನಾಳೆ ಇರುತ್ತವೆ ಅಂತ ಯಾರೂ ಬರೆದುಕೊಡಲ್ಲ. ದುಡ್ಡು ನಾಳೆ ಬರುತ್ತದೆ. ಹಾಗಾದರೆ ಸೆಲ್ ಈಗ ತೆಗೆಯೋಣ, ಹಾಕೋದು ಆಮೇಲೆ.

ನಮ್ಮ ಸೋದರಮಾವ ನಕ್ಕರು. "ಕಾಯಿಲೆ ರಕ್ತನ ದುಡ್ಡು ಕೊಟ್ಟು ಫ್ರಿಜ್‌ನಾಗೆ ಇಡ್ತಾರೇನೋ?" ಅಂದರು. ಅವರದ್ದು ಬಿಡಿ. ಎರಡನೇ ಅಭಿಪ್ರಾಯಕ್ಕೆ ಅಂತ ತೋರಿಸಿದ ಡಾಕ್ಟರೂ, "ಸುಮ್ನೆ ಖರ್ಚು, ಆರ್ಸೆನಿಕ್ ಮುಂದುವರಿಸಿ, ಆಮೇಲೆ ನೋಡೋಣ" ಅಂದರು. ನಾನು ಜಪಾನಿನವರ 2013ರ ವರದಿಯನ್ನು ಪ್ರಿಂಟ್ ಹಾಕಿಸಿಕೊಂಡು ನಮ್ಮ ಡಾಕ್ಟರ ಮುಂದೆ ಇಟ್ಟೆ. ರಿಲ್ಯಾಪ್ಸ್ ಆದ, ಅಂದರೆ ಎಪಿಎಲ್ ಮರುಕಳಿಸಿದ, 35 ಜನರಿಗೆ ಮೊದಲು ಆರ್ಸೆನಿಕ್, ಆಮೇಲೆ ಸೈಟರಾಬಿನ್ ಅನ್ನೋ ಕೀಮೋ ಕೊಟ್ಟು ಸೆಲ್ ತೆಗೆದು, 23 ಜನರಿಗೆ ವಾಪಸ್ ಹಾಕಿದ್ದರು. ಐದು ವರ್ಷಕ್ಕೆ ಶೇ. 77ರಷ್ಟು ಜನ ಬದುಕಿದ್ದರು. ವೆಲ್ಲೂರು ಆಸ್ಪತ್ರೆಯವರೂ 2009ರಲ್ಲಿ ಇದೇ ದಿಕ್ಕಿನ ಮಾತು ಬರೆದಿದ್ದರು. ರಿಲ್ಯಾಪ್ಸ್ ಆದಮೇಲೆ ಬರೀ ಆರ್ಸೆನಿಕ್‌ನಲ್ಲೇ ಉಳಿದವರಿಗಿಂತ ಆಟೋಲೋಗಸ್ ಆದವರ ಸ್ಥಿತಿಯೇ ಮೇಲು ಅಂತ. ನಮ್ಮ ಡಾಕ್ಟರ್ ಪೂರ್ತಿ ಓದಿ, "ಸರಿ, ಪಿಸಿಆರ್ ಎರಡು ಸಲ ನೆಗೆಟಿವ್ ಬರಲಿ" ಅಂದರು. ಬಂತು.

ಮೊದಲನೇ ಸಲ ಬರೀ ಜಿಸಿಎಸ್ಎಫ್ ಇಂಜೆಕ್ಷನ್ (ಸ್ಟೆಮ್ ಸೆಲ್ ಮ್ಯಾರೋದಿಂದ ರಕ್ತಕ್ಕೆ ಬರುವಂತೆ ಮಾಡುವುದು) ಮೇಲೆ ಹೋದೆವು. ದಿನಾ ಹೊಟ್ಟೆಗೆ ಚುಚ್ಚಿಸಿಕೊಂಡು ಐದನೇ ದಿನ ಸಿಡಿ34, ಅಂದರೆ ರಕ್ತದಲ್ಲಿನ ಸ್ಟೆಮ್ ಸೆಲ್ ಎಣಿಕೆ, ನೋಡಿದರೆ ನಾಲ್ಕೋ ಐದೋ ಇತ್ತು. ಹತ್ತಾದರೂ ದಾಟದೆ ಸೆಲ್ ಸೋಸುವ ಮಷಿನ್‌ಗೆ ಹಾಕಲ್ಲ. ಮಾರನೇ ದಿನವೂ ಅಷ್ಟೇ. ಇಂಜೆಕ್ಷನ್, ರೂಮು, ಟೆಸ್ಟು ಎಲ್ಲ ಸೇರಿ ನಲವತ್ತು ಸಾವಿರ ಚಿಲ್ಲರೆ ನೀರುಪಾಲು. ಪಕ್ಕದ ಬೆಡ್‌ನಲ್ಲಿದ್ದ ಮೈಲೋಮಾ (ಇನ್ನೊಂದು ಥರದ ರಕ್ತದ ಕ್ಯಾನ್ಸರ್) ಇದ್ದ ಅಣ್ಣನಿಗೆ ರಾತ್ರಿ ಪ್ಲೆರಿಕ್ಸಾಫಾರ್ ಅನ್ನೋ ಇಂಜೆಕ್ಷನ್ ಒಂದು ಕೊಟ್ಟರು, ಬೆಳಿಗ್ಗೆ ಕೌಂಟ್ ಜಿಗಿದಿತ್ತು. ನನಗೂ ಕೊಡಿ ಅಂದೆ. ಕೊಡಲಿಲ್ಲ. ಲುಕೇಮಿಯಾದವರಲ್ಲಿ ಅದು ಅಡಗಿರುವ ಕೆಟ್ಟ ಸೆಲ್‌ಗಳನ್ನೂ ಹೊರಗೆ ಎಳೆಯಬಹುದಂತೆ. ಔಷಧಿ ಚೀಟಿಯಲ್ಲೂ ಹಾಗೇ ಬರೆದಿದೆ. ನೀವೂ ಕೇಳಬೇಡಿ.

ಊರಲ್ಲಿ ಸುದ್ದಿ ಹಬ್ಬಿತು, "ಅವನ ಮೈಯಲ್ಲಿ ಸೆಲ್ಲೇ ಇಲ್ಲವಂತೆ" ಅಂತ. ಒಂದೂವರೆ ತಿಂಗಳು ಬಿಟ್ಟು ಜಪಾನಿನವರ ದಾರಿ ಹಿಡಿದೆವು. ಹೈಡೋಸ್ ಸೈಟರಾಬಿನ್, ಅದರ ಹಿಂದೆ ಜಿಸಿಎಸ್ಎಫ್. ಕೀಮೋದಿಂದ ರಕ್ತಕಣಗಳ ಕೌಂಟ್ ನೆಲ ಕಚ್ಚಿದಾಗ ಜ್ವರ ಬಂದು ಅಡ್ಮಿಟ್ ಆದೆ. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಾಕಿಕೊಳ್ಳಿ, ಯಾರೂ ಹೇಳಲ್ಲ. ಬಿಳಿ ರಕ್ತಕಣ ಏರತೊಡಗಿದ ಮೇಲೆ ದಿನಾ ಸಿಡಿ34 ನೋಡಿದರು. ನಲವತ್ತರ ಮೇಲೆ ಹೋದ ದಿನ ಕುತ್ತಿಗೆಗೆ ಲೈನ್ ಹಾಕಿ ಕೂರಿಸಿದರು.

ನಾಲ್ಕು ಗಂಟೆ ಮೇಲೆ ಒಂದೇ ಭಂಗಿ. ಒಂದು ನಳಿಗೆಯಲ್ಲಿ ರಕ್ತ ಹೋಗುತ್ತೆ, ಇನ್ನೊಂದರಲ್ಲಿ ವಾಪಸ್ ಬರುತ್ತೆ, ತಲೆ ಮೇಲಿನ ಚಿಕ್ಕ ಬ್ಯಾಗಿಗೆ ಮಾತ್ರ ಟೊಮೆಟೊ ಸಾರಿನ ಬಣ್ಣದ್ದು ಮೆಲ್ಲಗೆ ಸೇರುತ್ತೆ. ತುಟಿ ಜುಮುಗುಟ್ಟತೊಡಗಿದರೆ ತಕ್ಷಣ ಹೇಳಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಹಿಡಿದುಬಿಡುತ್ತದೆ. ಎರಡನೇ ದಿನ ನಾನು ಪ್ರಯೋಗಕ್ಕೆ ಅಂತ ಬೆಳಿಗ್ಗೆ ಎರಡು ಲೋಟ ರಾಗಿ ಅಂಬಲಿ ಕುಡಿದು ಹೋದೆ. ತುಟಿ ಅಷ್ಟೇ ಜುಮುಗುಟ್ಟಿತು, ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಬಿಟ್ಟ ಮೇಲೇ ಸರಿಹೋಗಿದ್ದು. ಅಂಬಲಿಯಿಂದ ಆಗಿದ್ದು ಇಷ್ಟೇ, ಮಷಿನ್ ನಿಲ್ಲಿಸುವಂತಿಲ್ಲ, ಬೆಡ್‌ಪ್ಯಾನ್ ಕೇಳಬೇಕಾಯಿತು. ಜಿಸಿಎಸ್ಎಫ್‌ನ ಸೊಂಟದ ನೋವಿಗೆ ಮಾತ್ರ ಡಾಕ್ಟರನ್ನು ಕೇಳಿ ತಗೊಂಡ ಲೊರಾಟಡಿನ್, ಅದೇ ಅಲರ್ಜಿ ಮಾತ್ರೆ, ಚೆನ್ನಾಗಿ ಕೆಲಸ ಮಾಡಿತು. ಪರಂಗಿ ಎಲೆ ರಸ ಕುಡಿ ಅಂದವರೂ ಇದ್ದರು. ಕುಡಿದೆ, ವಾಂತಿ ಮಾಡಿದೆ, ಬಿಟ್ಟೆ.

ಎರಡು ದಿನಕ್ಕೆ ಸೇರಿ ತೂಕದ ಕೆಜಿಗೆ ಆರು ಮಿಲಿಯನ್ ಆಸುಪಾಸು ಸೆಲ್ ಸಿಕ್ಕಿತು. ಎರಡು ಮಿಲಿಯನ್ ಇದ್ದರೆ ಕನಿಷ್ಠಕ್ಕೆ ಸಾಕು. ಇಲ್ಲಿ ನಾನು ಮೂರು ಹಟ ಹಿಡಿದೆ. ಒಂದು, ತೆಗೆದ ಬ್ಯಾಗಿನಿಂದಲೇ ಒಂದು ಚೂರು ಪಿಸಿಆರ್‌ಗೆ ಹೋಗಬೇಕು. ಮ್ಯಾರೋ ನೆಗೆಟಿವ್ ಇದ್ದರೆ ಸಾಲದು, ವಾಪಸ್ ಮೈಗೆ ಹೋಗೋದು ಬ್ಯಾಗಿನದ್ದು ತಾನೆ? ಏಳೆಂಟು ಸಾವಿರ ಜಾಸ್ತಿ ಆಯಿತು, ಪರವಾಗಿಲ್ಲ. ಎರಡು, ಎಲ್ಲ ಒಂದೇ ಗಂಟಲ್ಲಿ ಬೇಡ, ಎರಡು ಪಾಲು ಮಾಡಿ ಫ್ರೀಜ್ ಮಾಡಿ. ಮೂರು, ಬ್ಯಾಗಿನ ಜೊತೆ ಅದೇ ಸೆಲ್ ತುಂಬಿದ ಚಿಕ್ಕ ವಯಲ್‌ಗಳನ್ನೂ (ಪುಟ್ಟ ಸೀಸೆ) ಇಡಿ. ಹಾಕಿಸಿಕೊಳ್ಳುವ ಮುಂಚೆ ವಯಲ್ ಕರಗಿಸಿ ಸೆಲ್ ಜೀವಂತ ಇವೆಯಾ ನೋಡಬಹುದು, ಬ್ಯಾಗ್ ಮುಟ್ಟಬೇಕಿಲ್ಲ. ಲ್ಯಾಬ್‌ನವರು ಮುಖ ಗಂಟಿಕ್ಕಿದರು, ಆದರೆ ಮಾಡಿಕೊಟ್ಟರು.

ಫ್ರೀಜ್ ಮಾಡುವಾಗ ಸೆಲ್ ಸಾಯದಿರಲಿ ಅಂತ ಡಿಎಂಎಸ್ಒ ಅನ್ನೋ ದ್ರವ ಸೇರಿಸಿ, ನಿಮಿಷಕ್ಕೆ ಒಂದು ಡಿಗ್ರಿ ಲೆಕ್ಕದಲ್ಲಿ ತಂಪು ಮಾಡಿ, ಆಮೇಲೆ ದ್ರವ ಸಾರಜನಕದ ಟ್ಯಾಂಕಿಗೆ. ಸಾರಜನಕ ಮುಗಿದರೆ ಯಾರು ತುಂಬುತ್ತಾರೆ, ಟೆಂಪರೇಚರ್ ಪುಸ್ತಕ ತೋರಿಸಿ ಅಂತ ಕೇಳಿ ನೋಡಿಕೊಂಡೇ ಸಹಿ ಹಾಕಿದೆ.

ಎರಡನೇ ಸಲದ್ದು ಕೀಮೋ, ಅಡ್ಮಿಷನ್, ಹಾರ್ವೆಸ್ಟ್, ಫ್ರೀಜಿಂಗ್ ಸೇರಿ ಎರಡೂವರೆ ಲಕ್ಷದ ಹತ್ತಿರ ಹೋಯಿತು. ಇಟ್ಟುಕೊಳ್ಳುವ ಬಾಡಿಗೆ ವರ್ಷಕ್ಕೆ ಹದಿನೈದು ಸಾವಿರದೊಳಗೆ. ಇನ್ಶೂರೆನ್ಸ್ ಕಂಪನಿ ಮೊದಲು ಪೂರಾ ತಳ್ಳಿಹಾಕಿತು, "ಇದು ಚಿಕಿತ್ಸೆ ಅಲ್ಲ, ಶೇಖರಣೆ" ಅಂತ. ಆಮೇಲೆ ಅರ್ಧಕ್ಕಿಂತ ಹೆಚ್ಚು ಕೊಟ್ಟರು. ಡಿಸ್ಚಾರ್ಜ್ ಸಮ್ಮರಿ ಮತ್ತು ಬಿಲ್ಲನ್ನು ಹೇಗೆ ಬರೆಸಬೇಕು ಅನ್ನೋದರಲ್ಲಿ ಒಂದು ಉಪಾಯ ಇದೆ. ಸುಳ್ಳೇನಲ್ಲ, ಕಾನೂನು ಪ್ರಕಾರವೇ. ಆದರೆ ಇಲ್ಲಿ ಬರೆದರೆ ನಾಳೆ ಆ ಬಾಗಿಲೂ ಮುಚ್ಚುತ್ತಾರೆ. ಮುಖತಃ ಸಿಕ್ಕಾಗ ಹೇಳ್ತೀನಿ.

ಇದೇ ಹೊತ್ತಿಗೆ ನಮ್ಮ ತಂಗಿ ಬಸುರಿ. ಹೊಕ್ಕುಳಬಳ್ಳಿ ರಕ್ತ ಇಡಿ ಅಂತ ಒಬ್ಬ ಏಜೆಂಟ್ ಮನೆ ಬಾಗಿಲಿಗೇ ಬಂದ. "ನಿಮ್ಮಣ್ಣನಿಗೆ ಹೀಗಾಗಿದೆ, ಮಗುವಿಗೆ ಬಂದರೆ?" ಅಂತ ಹೆದರಿಸಿದ. ಮಗುವಿಗೆ ಲುಕೇಮಿಯಾ ಬಂದರೆ ಅದರದ್ದೇ ಬಳ್ಳಿ ರಕ್ತ ಸಾಮಾನ್ಯವಾಗಿ ಹಾಕಲ್ಲ, ಕಾಯಿಲೆಯ ಬೀಜ ಅದರಲ್ಲೇ ಇರಬಹುದು. ಹೀಗೆ ಖಾಸಗಿಯಾಗಿ ಇಟ್ಟುಕೊಳ್ಳುವುದನ್ನು ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಕೂಡ ಶಿಫಾರಸು ಮಾಡಲ್ಲ. ಕಾಫಿ ಕೊಟ್ಟು ಕಳಿಸಿದೆವು. ನಾನು ಮಾಡಿಸಿದ್ದು ಆ ವ್ಯಾಪಾರ ಅಲ್ಲ, ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಯೂನಿಟ್ ಒಳಗೇ ಆಗುವ ಕೆಲಸ.

ಅಡಿಕೆ ಕೊಟ್ಟ ದುಡ್ಡು, ಸ್ವಲ್ಪ ಸಾಲ, ಮುಖ್ಯಮಂತ್ರಿ ಪರಿಹಾರ ನಿಧಿಯಿಂದ ಬಂದಿದ್ದು ಎಲ್ಲ ಕೂಡಿತು. ನಡುವೆ ಆರ್ಸೆನಿಕ್ ಸೈಕಲ್ ನಡೆದೇ ಇತ್ತು. ಹಾಕುವ ಮುಂಚೆ ವಯಲ್ ಕರಗಿಸಿ ನೋಡಿದರೆ ನೂರಕ್ಕೆ ಎಂಬತ್ತೈದರಷ್ಟು ಸೆಲ್ ಜೀವಂತ. ಸೆಲ್ ಹಾಕಿದ ದಿನ ರೂಮ್ ತುಂಬಾ ಬೆಳ್ಳುಳ್ಳಿ ವಾಸನೆ, ಅದು ಡಿಎಂಎಸ್ಒ ಉಸಿರಲ್ಲಿ ಬರೋದು. ಹನ್ನೊಂದೋ ಹನ್ನೆರಡೋ ದಿನಕ್ಕೆ ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) 500 ದಾಟಿತು, ಅಂದರೆ ಹೊಸ ಸೆಲ್ ಮೈಗೆ ಹತ್ತಿತು. ಪ್ಲೇಟ್‌ಲೆಟ್ ಇನ್ನೊಂದು ವಾರ ಸತಾಯಿಸಿತು. ಮಾವ ಫೋನ್ ಮಾಡಿ, "ಫ್ರಿಜ್ಜಿಂದು ಹತ್ತಿತೇನೋ?" ಅಂದರು.

ಹಾಕಿದ್ದು ಒಂದು ಪಾಲು ಮಾತ್ರ. ಇನ್ನೊಂದು ಪಾಲು ಟ್ಯಾಂಕಿನಲ್ಲೇ ಇದೆ. ಹೋದ ತಿಂಗಳು ಯೂನಿಟ್‌ನಿಂದ ಕಾಗದ ಬಂತು, ಇಟ್ಟುಕೊಳ್ಳುತ್ತೀರಾ, ವಿಲೇವಾರಿ ಮಾಡೋಣವಾ ಅಂತ. ಡಾಕ್ಟರ್ ನಿಮ್ಮಿಷ್ಟ ಅಂದರು. ನನ್ನ ಹೆಂಡತಿ ನನ್ನ ಕೇಳದೆಯೇ ಎರಡು ವರ್ಷದ ಬಾಡಿಗೆ ಒಟ್ಟಿಗೆ ಕಟ್ಟಿ ಬಂದಿದ್ದಾಳೆ.