ಅಹವಾಲು ಸಭೆಗೆ ಮುನ್ನ: ಪರಿಸರ ವರದಿ ಓದಿ ಆಕ್ಷೇಪಣೆ ಬರೆಯುವ ಬಗೆ

ಊರ ಪಕ್ಕ ದೊಡ್ಡ ಗಣಿ, ಅಣೆಕಟ್ಟು ಅಥವಾ ಸಿಮೆಂಟ್ ಕಾರ್ಖಾನೆ ಬರುವುದಾದರೆ 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಇಐಎ ವರದಿಯೇ ಬೇಡವೆಂದು ವಿಂಗಡಿಸಿದ ‘ಬಿ2’ ವರ್ಗದ ಯೋಜನೆಗಳಿಗೆ ಅದಿಲ್ಲ, ಹಾಗಾಗಿ ಮೊದಲು ವರ್ಗ ವಿಚಾರಿಸಿ.

ಪ್ರಕಟಣೆ ಒಂದು ರಾಷ್ಟ್ರಮಟ್ಟದ ಪತ್ರಿಕೆಯಲ್ಲೂ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಬರಬೇಕು. ಅದನ್ನು ಕತ್ತರಿಸಿ ತಾರೀಖು ಬರೆದಿಡಿ. ಸಭೆಗೆ ಕನಿಷ್ಠ 30 ದಿನ ಇರಲೇಬೇಕು. 28 ದಿನವಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪಣೆ.

ಯೋಜನೆಯ ಕರಡು ಇಐಎ ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗಬೇಕು. ಬ್ರಿಟಿಷರು ಹೋಗಿ ಮುಕ್ಕಾಲು ಶತಮಾನ ಕಳೆದರೂ ಪೂರ್ಣ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ, ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ. ಆದರೆ ತಪ್ಪುಗಳು ಅಡಗಿರುವುದು ಪೂರ್ಣ ವರದಿಯಲ್ಲಿ. ಊರಿನ ಕಾಲೇಜು ಹುಡುಗರನ್ನು ಜೊತೆಗೆ ಕೂರಿಸಿಕೊಳ್ಳಿ.

ಮೊದಲ ಪುಟದಿಂದ ಓದುವುದು ಬೇಡ. ಯೋಜನೆಯ ಜಾಗದ ಸುತ್ತಲಿನ 10 ಕಿ.ಮೀ. ನಕ್ಷೆ ತೆರೆದು ನಿಮ್ಮ ಕೆರೆ, ಹಳ್ಳ, ಶಾಲೆ ಅದರಲ್ಲಿವೆಯೇ ನೋಡಿ. ಆಮೇಲೆ ನೀರು, ಗಾಳಿಯ ಮಾದರಿ ತೆಗೆದ ತಿಂಗಳು ನೋಡಿ. ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿಯಿದ್ದರೆ ಸಾಕೆಂಬುದು ರೂಢಿ. ಮಾರ್ಚ್‌ನಲ್ಲಿ ಅಳೆದರೆ ಮಲೆನಾಡಿನ ಅರ್ಧ ಹಳ್ಳಗಳು ಲೆಕ್ಕಕ್ಕೇ ಬರುವುದಿಲ್ಲ. ಗಿಡಮರ, ಪ್ರಾಣಿಗಳ ಪಟ್ಟಿಯನ್ನು ದನ ಕಾಯುವವರಿಗೆ ಓದಿ ಹೇಳಿ, ಇಲ್ಲದ್ದು ಸೇರಿದ್ದರೆ ಅವರಿಗೆ ಗೊತ್ತಾಗುತ್ತದೆ. ಮಹಾರಾಷ್ಟ್ರದ ರತ್ನಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಗೆ ರಷ್ಯಾದ ಗಣಿ ವರದಿಯ ಭಾಗಗಳನ್ನೇ ನಕಲು ಮಾಡಿದ್ದು ಬಯಲಾಗಿತ್ತು! ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕರಿಸಲು, ಕೊಟ್ಟ ಅನುಮತಿಯನ್ನೂ ರದ್ದುಮಾಡಲು ಅಧಿಸೂಚನೆಯ 8ನೇ ಕಂಡಿಕೆಯಲ್ಲಿ ಅವಕಾಶವಿದೆ.

ಆಕ್ಷೇಪಣೆ ಬರೆಯುವಾಗ ಒಂದು ಕಂಡಿಕೆಗೆ ಒಂದೇ ವಿಷಯ: ಪುಟ ಸಂಖ್ಯೆ, ಅಲ್ಲಿ ಬರೆದಿರುವುದು, ಊರಲ್ಲಿ ಇರುವುದು, ಸರ್ವೆ ನಂಬರ್, ತಾರೀಖಿರುವ ಫೋಟೋ. ‘ಊರು ಹಾಳಾಗುತ್ತದೆ’ ಎಂದು ಬರೆದರೆ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ, ಅಷ್ಟೆ. ಸಭೆಗೆ ಮೊದಲೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು, ನಿಮ್ಮ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಬಹಿಷ್ಕಾರ ಹಾಕಿದರೆ ಸಭೆ ನಿಲ್ಲುವುದಿಲ್ಲ. ಇದಕ್ಕೆ ಕೋರಂ (ಇಷ್ಟು ಜನ ಇರಲೇಬೇಕೆಂಬ ನಿಯಮ) ಇಲ್ಲ, ಮತದಾನವೂ ಇಲ್ಲ. ಹೋಗಿ ಮಾತಾಡಿ, ವಿಡಿಯೊ ಚಿತ್ರೀಕರಣ ನಡೆಯುತ್ತಿದೆಯೇ ನೋಡಿಕೊಳ್ಳಿ. ಹಾಜರಿ ಹಾಳೆಯ ತಲೆಬರಹ ಓದದೆ ಸಹಿ ಹಾಕಬೇಡಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕೆಳಗಲ್ಲದ ಪ್ರತಿನಿಧಿಯದು. ತಹಶೀಲ್ದಾರರು ಕೂತರೆ ಎದ್ದು ನಿಂತು ದಾಖಲಿಸಿ. ಬಹಳ ಮಂದಿ ಊಟದ ಹೊತ್ತಿಗೆ ಎದ್ದು ಹೊರಡುತ್ತಾರೆ. ಆದರೆ ಕೊನೆಯಲ್ಲೇ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ವಿವರಿಸಿ ಓದಬೇಕು, ಅದೇ ದಿನ ಸಹಿಯಾಗಬೇಕು. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಆಗಲೇ ಸೇರಿಸಿ.

ಅನುಮತಿ ಸಿಕ್ಕೇಬಿಟ್ಟರೆ 30 ದಿನಗಳೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಸಲ್ಲಿಸಿ. ತಡವಾಗಿದ್ದಕ್ಕೆ ಸರಿಯಾದ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, ಅದರಾಚೆಗೆ ಇಲ್ಲ. ಮೊಹರು ಬಿದ್ದ ಆ ಪ್ರತಿ ಅಲ್ಲಿ ಬೇಕಾಗುತ್ತದೆ.