ಹೆದರಿದ ನಾಯಿ ಮನೆಗೆ ಬಂದಾಗ: ದತ್ತು ಹೋಗುವವರೆಗೆ ನೋಡಿಕೊಳ್ಳುವುದು ಹೇಗೆ?

ಶೆಲ್ಟರಿನಿಂದ ಬಂದ ನಾಯಿ ಮಂಚದ ಕೆಳಗೆ ಸೇರಿಕೊಂಡಿರುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು, ‘ಬಾ ಪುಟ್ಟ, ಬಾ ಬಂಗಾರ’ ಎನ್ನುತ್ತ ಬಿಸ್ಕತ್ತು ಹಿಡಿದ ಕೈಯನ್ನು ಒಳಕ್ಕೆ ತೂರಿಸುತ್ತಿರುತ್ತಾರೆ. ನಾಯಿಯನ್ನು ಫಾಸ್ಟರ್ ಮಾಡಲು, ಅಂದರೆ ದತ್ತು ಹೋಗುವವರೆಗೆ ಮನೆಯಲ್ಲಿಟ್ಟು ನೋಡಿಕೊಳ್ಳಲು, ಮುಂದೆ ಬರುವವರಲ್ಲಿ ಪ್ರೀತಿಗೇನೂ ಕೊರತೆಯಿರುವುದಿಲ್ಲ, ಕೆಲಸ ಕೆಡುವುದು ಅವಸರದಿಂದ. ಅಂಜುಬುರುಕ ನಾಯಿಯ ಮಟ್ಟಿಗೆ ಪಾಲಿಸಬೇಕಾದ ನಿಯಮ ಒಂದೇ: ನಾವು ಅದರ ಹತ್ತಿರ ಹೋಗಕೂಡದು, ಅದೇ ನಮ್ಮ ಹತ್ತಿರ ಬರಬೇಕು. ಮಿಕ್ಕಿದ್ದೆಲ್ಲ ಅದಕ್ಕೆ ದಾರಿ ಮಾಡಿಕೊಡುವ ಕೆಲಸ.

ಕರೆತರುವ ಮೊದಲು

ಶೆಲ್ಟರಿನವರಿಂದ ಲಸಿಕೆಯ ಪುಸ್ತಕ ಕೇಳಿ ಪಡೆಯಿರಿ. ರೇಬಿಸ್ ಲಸಿಕೆ ಯಾವಾಗ ಆಗಿದೆ, ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ವೈರಸ್ ರೋಗಗಳನ್ನು ತಡೆಯುವ ಸಂಯುಕ್ತ ಲಸಿಕೆ ಎಷ್ಟು ಸುತ್ತು ಆಗಿದೆ, ಜಂತುಹುಳುವಿನ ಔಷಧಿ ಕೊನೆಯ ಸಲ ಕೊಟ್ಟದ್ದು ಯಾವತ್ತು ಎಂಬುದೆಲ್ಲ ಬರವಣಿಗೆಯಲ್ಲೇ ಇರಲಿ. ಸಂತಾನಹರಣ ಆಗಿರುವ ಬೀದಿನಾಯಿಗೆ ಸಾಮಾನ್ಯವಾಗಿ ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇರುತ್ತದೆ. ರಕ್ತ ಹೀರುವ ಉಣ್ಣೆಹುಳುಗಳಿಂದ ಬರುವ ಜ್ವರ ನಮ್ಮ ಊರುಗಳಲ್ಲಿ ಬಹಳ. ಆದ್ದರಿಂದ ರಕ್ತಪರೀಕ್ಷೆ ಆಗಿದೆಯೇ ಎಂದೂ ಕೇಳಿ. ಸುಮ್ಮನೆ ಮೂಲೆಯಲ್ಲಿ ಮುದುಡಿ ಮಲಗಿರುವ ನಾಯಿಯನ್ನು ‘ಪಾಪ, ಹೆದರಿದೆ’ ಎಂದುಕೊಂಡು ಬಿಟ್ಟುಬಿಡುತ್ತೇವೆ. ಎಷ್ಟೋ ಸಲ ಅದಕ್ಕೆ ಜ್ವರವಿರುತ್ತದೆ. ಔಷಧಿಯ ಖರ್ಚು ಯಾರದು, ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಮೊದಲ ಎರಡು ವಾರ ಎರಡನ್ನೂ ಪೂರ್ತಿ ಬೇರೆ ಇಡಿ. ಪಾತ್ರೆಗಳೂ ಬೇರೆಯಾಗಿರಲಿ.

ನಾಯಿಗೆ ಇಡೀ ಮನೆ ಬೇಡ, ಒಂದು ಕೋಣೆ ಸಾಕು. ಅಡುಗೆಮನೆ, ಮುಂಬಾಗಿಲು ಎರಡರಿಂದಲೂ ದೂರವಿದ್ದರೆ ಒಳ್ಳೆಯದು. ಬಾಲ್ಕನಿಯಲ್ಲಂತೂ ಇಡಲೇಬೇಡಿ. ಗಾಬರಿಯಾದ ನಾಯಿ ಗ್ರಿಲ್ಲಿನ ಸಂದಿಯಲ್ಲಿ ನುಸುಳಲು ನೋಡುತ್ತದೆ, ಇಲ್ಲವೇ ಮೇಲಿಂದ ಹಾರುತ್ತದೆ. ಮಂಚದ ಕೆಳಭಾಗವನ್ನು ಟ್ರಂಕು, ರಟ್ಟಿನ ಡಬ್ಬ ಇಟ್ಟು ಮುಚ್ಚಿಬಿಡಿ. ಅಗಲವಾದ ಮಂಚದ ನಟ್ಟನಡುವೆ ಸೇರಿಕೊಂಡರೆ ಅದನ್ನು ಹೊರಗೆ ತರಲು ಬಲವಂತ ಮಾಡಲೇಬೇಕಾಗುತ್ತದೆ, ಬಲವಂತದಿಂದಲೇ ಪಯಣ ಶುರುವಾದಂತಾಗುತ್ತದೆ. ಹಾಗೆಂದು ಅಡಗುವ ಜಾಗವೇ ಇಲ್ಲದ ಕೋಣೆಯೂ ಬೇಡ. ಗೋಡೆಯ ಮೂಲೆಗೆ ಒಂದು ಮೇಜು ತಳ್ಳಿ, ಮೂರು ಕಡೆ ಹಳೆಯ ಬೆಡ್‌ಶೀಟ್ ಇಳಿಬಿಟ್ಟು, ಒಳಗೆ ದಪ್ಪ ರಗ್ಗು ಹಾಸಿ. ನೀರಿನ ಬಟ್ಟಲು ಅಲ್ಲಿಂದ ಎರಡು ಅಡಿ ದೂರದಲ್ಲಿರಲಿ. ಮಣ್ಣಿನ ಮೇಲೆ ಓಡಾಡಿದ ನಾಯಿಗೆ ನಯವಾದ ಟೈಲ್ಸ್ ಎಂದರೆ ಭಯ, ಕಾಲು ಜಾರಿದರೆ ಮತ್ತೆ ಹೆಜ್ಜೆಯನ್ನೇ ಎತ್ತದು. ಮೇಜಿನಿಂದ ಬಾಗಿಲವರೆಗೆ ಗೋಣಿತಾಟನ್ನೋ ಹಳೆಯ ಯೋಗ ಮ್ಯಾಟನ್ನೋ ಹಾಸಿ.

ಬೆಲ್ಟ್, ಹಾರ್ನೆಸ್

ಹೊಸ ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ದಿನಗಳಲ್ಲೇ, ಅದೂ ಕಾರಿನ ಬಾಗಿಲು ಅಥವಾ ಗೇಟಿನ ಬಳಿ. ಕತ್ತಿನ ಬೆಲ್ಟನ್ನು ನಂಬಬೇಡಿ. ನಮ್ಮ ನಾಡನಾಯಿಗಳಿಗೆ, ಮುಧೋಳದಂಥ ಬೇಟೆನಾಯಿಗಳಿಗೆ ಕತ್ತಿಗೂ ತಲೆಗೂ ಗಾತ್ರದಲ್ಲಿ ಅಂಥ ವ್ಯತ್ಯಾಸವಿರುವುದಿಲ್ಲ. ಹೆದರಿ ಹಿಂದಕ್ಕೆ ಜಗ್ಗಿದರೆ ಬೆಲ್ಟ್ ಸಲೀಸಾಗಿ ತಲೆಯಿಂದ ಕಳಚಿಬರುತ್ತದೆ. ಮೈಗೆ ತೊಡಿಸುವ ಹಾರ್ನೆಸ್ಸಿನಲ್ಲಿ ಎದೆಗೆ ಒಂದೇ ಪಟ್ಟಿಯಿದ್ದರೆ ಅದರ ಹಣೆಬರಹವೂ ಅಷ್ಟೇ. ಎದೆಯ ಹಿಂದೆ ಒಂದು, ಸೊಂಟದ ಹತ್ತಿರ ಇನ್ನೊಂದು ಪಟ್ಟಿ ಬರುವ ಹಾರ್ನೆಸ್ ತನ್ನಿ. ಪಟ್ಟಿ ಮತ್ತು ಮೈಯ ನಡುವೆ ಎರಡು ಬೆರಳು ಹೋಗುವಷ್ಟು ಜಾಗವಿದ್ದರೆ ಸಾಕು. ಬೆಲ್ಟಿಗೊಂದು ಲೀಶ್ (ಕೈಯಲ್ಲಿ ಹಿಡಿಯುವ ಹಗ್ಗ), ಹಾರ್ನೆಸ್ಸಿಗೊಂದು ಲೀಶ್, ಎರಡೂ ಒಟ್ಟಿಗೆ ಇರಲಿ, ಒಂದರ ತುದಿ ನಿಮ್ಮ ಸೊಂಟಕ್ಕೆ ಕಟ್ಟಿರಲಿ. ಫೋನ್ ನಂಬರು ಕೊರೆದ ಬಿಲ್ಲೆ ಮೊದಲ ದಿನದಿಂದಲೇ ಬೆಲ್ಟಿನಲ್ಲಿರಬೇಕು.

ತಾನೇ ಸುತ್ತಿಕೊಳ್ಳುವ ಹಗ್ಗದ ಲೀಶನ್ನು ಕೊಳ್ಳಲೇಬೇಡಿ. ಅದರ ಪ್ಲಾಸ್ಟಿಕ್ ಹಿಡಿ ಕೈತಪ್ಪಿ ಬಿದ್ದರೆ ಟಕಟಕ ಸದ್ದು ಮಾಡುತ್ತ ನಾಯಿಯ ಹಿಂದೆಯೇ ಎಳೆದುಕೊಂಡು ಹೋಗುತ್ತದೆ. ಏನೋ ಅಟ್ಟಿಸಿಕೊಂಡು ಬರುತ್ತಿದೆ ಎಂದು ನಾಯಿ ಇನ್ನೂ ಜೋರಾಗಿ ಓಡುತ್ತದೆ. ಕತ್ತು ಬಿಗಿಯುವ ಚೋಕ್ ಚೈನ್ ಅಂಜುವ ನಾಯಿಗೆ ಹಿಂಸೆ.

ಮೊದಲ ಮೂರು ದಿನ

ಏನನ್ನೂ ಮಾಡದಿರುವುದೇ ಈ ಮೂರು ದಿನದ ಕೆಲಸ. ಶೆಲ್ಟರಿನಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ದಿನಕ್ಕೆ ಎರಡು ಹೊತ್ತು ಇಟ್ಟು ಹೊರಗೆ ಬನ್ನಿ, ಅರ್ಧ ಗಂಟೆಯ ನಂತರ ಬಟ್ಟಲು ತೆಗೆಯಿರಿ. ದೊಡ್ಡ ನಾಯಿ ಮೊದಲ ದಿನ ಊಟ ಮುಟ್ಟದಿದ್ದರೆ ಗಾಬರಿ ಬೇಡ. ಎರಡು ದಿನ ದಾಟಿದರೆ, ಅಥವಾ ಒಂದು ಇಡೀ ದಿನ ಮೂತ್ರ ಮಾಡದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಮರಿ ಉಪವಾಸವಿದ್ದರೆ ಅಷ್ಟು ಹೊತ್ತೂ ಕಾಯಬಾರದು. ಸ್ನಾನ ಈ ವಾರ ಬೇಡ, ಎಷ್ಟೇ ವಾಸನೆ ಬರಲಿ. ಕೋಣೆಯಲ್ಲೇ ಗಲೀಜು ಮಾಡಿದರೆ ಬೈಯದೆ ಒರೆಸಿ. ಫಿನಾಯಿಲ್ ಬಳಸಬೇಡಿ, ಅದರ ಘಾಟು ನಾಯಿಗೆ ಆಗದು, ನೆಕ್ಕಿದರೆ ವಿಷ. ನೀರು ಬೆರೆಸಿದ ವಿನೆಗರ್ ಸಾಕು.

ಆ ಕೋಣೆಯಲ್ಲಿ ಪೊರಕೆ, ಕೋಲು, ಮಾಪು ಇಡಬೇಡಿ. ಬೀದಿಯಲ್ಲಿ ಬೆಳೆದ ನಾಯಿಗೆ ಅವುಗಳ ಅರ್ಥ ಒಂದೇ: ಪೆಟ್ಟು. ಮನೆಕೆಲಸದವರಿಗೂ ಇದನ್ನು ಹೇಳಿಡಿ.

ಹತ್ತಿರ ಬರಿಸುವುದು

ಎಲ್ಲರೂ ಎಡವುವ ಹಂತ ಇದು. ಮೊದಲು ಮನೆಯಲ್ಲಿ ಒಬ್ಬರು ಮಾತ್ರ ಈ ಕೆಲಸಕ್ಕೆ ನಿಲ್ಲಿ. ಮಕ್ಕಳಿಗೆ ಆಮೇಲೆ ಸರದಿ.

ನಾಯಿಯಿಂದ ಎಂಟು ಹತ್ತು ಅಡಿ ದೂರದಲ್ಲಿ ನೆಲದ ಮೇಲೆ ಕೂತುಕೊಳ್ಳಿ. ಅದರ ಕಡೆಗೆ ಮುಖ ಮಾಡಬೇಡಿ, ಪಕ್ಕೆ ಮಾಡಿ. ಕಣ್ಣಿಟ್ಟು ನೋಡಬೇಡಿ. ಪೇಪರನ್ನು ಕೇಳಿಸುವಂತೆ ಮೆಲುದನಿಯಲ್ಲಿ ಓದುತ್ತಿರಿ, ನಿಮ್ಮ ದನಿ ಅದಕ್ಕೆ ರೂಢಿಯಾಗಲಿ. ಒಮ್ಮೆಗೆ ಹದಿನೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಒಂದೇ ಸಲ ಎರಡು ಗಂಟೆ ಕೂತರೆ ಅದಕ್ಕೆ ನಿಮ್ಮಿಂದ ಬಿಡುವೇ ಸಿಗುವುದಿಲ್ಲ.

ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನು ಮೂಳೆ ತೆಗೆದು ಕಡಲೆಕಾಳಿನ ಗಾತ್ರಕ್ಕೆ ಹರಿದಿಟ್ಟುಕೊಳ್ಳಿ. ಮಾಂಸ ಮಾಡದ ಮನೆಯಲ್ಲಿ ಪನೀರ್ ಆಗುತ್ತದೆ. ಒಂದು ಚೂರನ್ನು ನಾಯಿಯ ಆಚೆಗೆ, ಅದರ ಬೆನ್ನ ಹಿಂದೆ ಬೀಳುವಂತೆ ಎಸೆಯಿರಿ. ನಿಮ್ಮ ಕಡೆಗೆ ಕರೆಯುವಂತೆ ಎಸೆಯಬಾರದು. ಇದು ಬಹಳ ಜನಕ್ಕೆ ವಿಚಿತ್ರವಾಗಿ ಕಾಣುತ್ತದೆ. ಹಿಂದಕ್ಕೆ ಹೋಗಿ ತಿಂದ ನಾಯಿಗೆ ದೂರವೂ ಸಿಕ್ಕಿತು, ರುಚಿಯೂ ಸಿಕ್ಕಿತು. ಮನಸ್ಸು ಹಗುರಾದಾಗ ಅದು ತಾನಾಗಿ ತಿರುಗಿ ಒಂದೆರಡು ಹೆಜ್ಜೆ ನಿಮ್ಮತ್ತ ಬರುತ್ತದೆ. ಮತ್ತೆ ಹಿಂದಕ್ಕೆ ಎಸೆಯಿರಿ. ಹೀಗೆ ಹತ್ತು ಚೂರು ಮುಗಿದರೆ ಎದ್ದು ಹೊರಗೆ ಹೋಗಿ.

ಕೈಯಲ್ಲಿ ತಿಂಡಿ ಹಿಡಿದು ಕರೆದರೆ ಏನಾಗುತ್ತದೆ ನೋಡಿ. ನಾಯಿಯ ಹಿಂಗಾಲುಗಳು ಇದ್ದಲ್ಲೇ ಊರಿರುತ್ತವೆ. ಮುಂಗಾಲು ಮಾತ್ರ ಒಂದು ಹೆಜ್ಜೆ ಮುಂದೆ. ಕತ್ತು ಆದಷ್ಟು ಉದ್ದ ಚಾಚಿ, ಹಲ್ಲಿನ ತುದಿಯಲ್ಲಿ ಚೂರನ್ನು ಕಚ್ಚಿಕೊಂಡು ತಟ್ಟನೆ ಹಿಂದೆ ಸರಿಯುತ್ತದೆ. ಹೊಟ್ಟೆ ಅದನ್ನು ಎಳೆದು ತಂದಿದೆ, ಧೈರ್ಯ ಬಂದಿಲ್ಲ. ಬಾಯಲ್ಲಿದ್ದ ಚೂರು ಮುಗಿದ ಕ್ಷಣ, ತಾನು ಮನುಷ್ಯನಿಂದ ಒಂದೇ ಅಡಿ ದೂರದಲ್ಲಿದ್ದೇನೆ ಎಂದು ಅದಕ್ಕೆ ಅರಿವಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ನೀವು ತಲೆ ಸವರಲು ಕೈ ಎತ್ತಿದಿರೋ, ಕಚ್ಚಿಸಿಕೊಳ್ಳುತ್ತೀರಿ. ಹಿಂಗಾಲುಗಳನ್ನು ನೋಡಿ ನಿರ್ಧಾರ ಮಾಡಿ. ನಾಲ್ಕೂ ಕಾಲು ಎತ್ತಿಡುತ್ತ, ಮೈ ಸಡಿಲ ಬಿಟ್ಟು, ನೇರವಾಗಿ ಬರದೆ ಸ್ವಲ್ಪ ಬಳಸಿಕೊಂಡು ಬಂದು ನಿಮ್ಮ ಮೊಣಕಾಲು ಮೂಸಿದರೆ, ಆಗ ಮುಂದಿನ ಹೆಜ್ಜೆ.

ಆ ಹೆಜ್ಜೆಯೂ ಚಿಕ್ಕದೇ. ಅಂಗೈ ಮೇಲೆ ಮಾಡಿ ಕೈಯನ್ನು ನೆಲಕ್ಕೆ ಆನಿಸಿ, ಚೂರನ್ನು ಕೈಯ ಪಕ್ಕ ಇಡಿ. ಮರುದಿನ ಅಂಗೈಯಲ್ಲಿ. ಅದು ನಿರಾಳವಾಗಿ ತಿನ್ನತೊಡಗಿ ಎರಡು ದಿನ ಕಳೆದ ಮೇಲೆ, ಗದ್ದದ ಕೆಳಗೆ ಅಥವಾ ಎದೆಯ ಮೇಲೆ ಎರಡು ಬೆರಳಿನಿಂದ ಕೆರೆಯಿರಿ. ಮೂರು ಸೆಕೆಂಡು ಆಗುತ್ತಲೇ ಕೈ ತೆಗೆಯಿರಿ. ಇನ್ನೂ ಬೇಕೆಂದರೆ ನಾಯಿಯೇ ಒತ್ತಿಕೊಂಡು ಬರುತ್ತದೆ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರಿದರೆ, ಒಂದು ಮುಂಗಾಲು ಎತ್ತಿ ಹಿಡಿದರೆ ಇವತ್ತಿಗೆ ಸಾಕು ಎಂದರ್ಥ. ಗುರ್ ಎಂದರೆ ಬೈಯಬೇಡಿ. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆಯೇ ಕಚ್ಚುತ್ತದೆ.

ಇನ್ನೊಂದು ಮೋಸವಿದೆ. ಕೆಲವು ನಾಯಿಗಳು ಭಯಕ್ಕೆ ಕಲ್ಲಾಗಿಬಿಡುತ್ತವೆ. ಯಾರು ಮುಟ್ಟಿದರೂ ಅಲುಗುವುದಿಲ್ಲ, ಎತ್ತಿಕೊಂಡರೂ ಕೊಸರುವುದಿಲ್ಲ. ‘ಎಷ್ಟು ಸಾಧು ನೋಡಿ’ ಎಂದು ಮನೆಗೆ ಬಂದವರೆಲ್ಲ ಸವರಿ ಹೋಗುತ್ತಾರೆ. ಪರೀಕ್ಷೆ ಸುಲಭ: ಮೂಗಿನ ಮುಂದೆ ಕೋಳಿ ಇಟ್ಟು ನೀವು ದೂರ ಸರಿಯಿರಿ. ಹಸಿದ ನಾಯಿ ಕೋಳಿಯನ್ನೂ ಮುಟ್ಟದಿದ್ದರೆ ಅದು ಸಾಧುತನವಲ್ಲ, ದಿಗಿಲು. ಮತ್ತೆ ಹತ್ತು ಅಡಿ ದೂರದಿಂದ ಶುರುಮಾಡಿ.

ನಾಲ್ಕನೆಯ ದಿನ ನಾಯಿ ಬಾಲ ಆಡಿಸಿತು ಎಂಬ ಸಂತೋಷಕ್ಕೆ ಐದನೆಯ ದಿನ ನೆಂಟರನ್ನು ಕರೆದು ತೋರಿಸುವುದು ಅತಿ ಸಾಮಾನ್ಯ ತಪ್ಪು. ಒಂದು ಸಂಜೆಯ ಗದ್ದಲ ವಾರದ ಕೆಲಸವನ್ನು ಅಳಿಸಿಹಾಕುತ್ತದೆ. 3 ದಿನಕ್ಕೆ ನಿರಾಳವಾಗಿ ಉಸಿರಾಡುತ್ತದೆ, 3 ವಾರಕ್ಕೆ ರೂಢಿಯಾಗುತ್ತದೆ, 3 ತಿಂಗಳಿಗೆ ಮನೆಯದೇ ಆಗುತ್ತದೆ ಎಂಬ ಲೆಕ್ಕ ನಾಯಿ ಸಾಕುವವರ ಬಾಯಲ್ಲಿದೆ. ಅದು ಬರೀ ಅಂದಾಜು. ಅಂಜುವ ನಾಯಿಗೆ ಅದರ ದುಪ್ಪಟ್ಟು ಹಿಡಿದರೂ ತಪ್ಪಿಲ್ಲ.

ಅಡ್ಡದಾರಿಗಳ ಬಗ್ಗೆಯೂ ಹೇಳಬೇಕು. ‘ಉಪವಾಸ ಕೆಡವಿದರೆ ತಾನಾಗಿ ಕೈಯಿಂದ ತಿನ್ನುತ್ತದೆ’ ಎಂಬ ಸಲಹೆ ಕ್ರೂರ. ಬಟ್ಟಲಿನ ಊಟ ಹೊತ್ತಿಗೆ ಸರಿಯಾಗಿ ಸಿಗಲೇಬೇಕು, ಕೋಳಿಚೂರು ಅದರ ಮೇಲಿನದು. ಭಯ ಕಳೆಯುತ್ತವೆ ಎಂದು ಮಾರುವ ಸ್ಪ್ರೇ, ಪರಿಮಳದ ಬೆಲ್ಟುಗಳಿಗೆ ಸುರಿಯುವ ಹಣದಲ್ಲಿ ಒಳ್ಳೆಯ ಹಾರ್ನೆಸ್ ಬರುತ್ತದೆ. ಎರಡು ಮೂರು ವಾರವಾದರೂ ಮೇಜಿನ ಕೆಳಗಿಂದ ಹೊರಗೇ ಬರದ ನಾಯಿಗೆ ಪಶುವೈದ್ಯರು ಭಯದ ಔಷಧಿ ಬರೆದುಕೊಡುತ್ತಾರೆ, ಅದರಲ್ಲಿ ಸಂಕೋಚ ಬೇಡ. ಆದರೆ ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ನಿಮ್ಮ ಮನಸ್ಸಿಗೆ ಬಂದಂತೆ ಕೊಡಬೇಡಿ, ಅವು ನಾಯಿಗೆ ವಿಷವಾಗಬಲ್ಲವು.

ಸದ್ದು ಮತ್ತು ಬೀದಿ

ಮಿಕ್ಸಿ, ಕುಕ್ಕರಿನ ವಿಷಲ್, ಕಾಲಿಂಗ್ ಬೆಲ್ ಮೂರೂ ಹೊಸ ನಾಯಿಯನ್ನು ಬೆಚ್ಚಿಬೀಳಿಸುತ್ತವೆ. ಕೋಣೆಯ ಬಾಗಿಲು ಮುಚ್ಚಿ ಫ್ಯಾನ್ ಹಾಕಿ, ಕುಕ್ಕರ್ ಇಟ್ಟಾಗಲೆಲ್ಲ ನಾಲ್ಕು ಚೂರು ಕೋಳಿ ಹಾಕಿ. ದೀಪಾವಳಿಯ ವಾರ, ಗಣೇಶನ ಮೆರವಣಿಗೆಯ ದಿನ ಹೊಸ ನಾಯಿಯನ್ನು ಕರೆತರಲೇಬೇಡಿ, ದತ್ತು ಕಳಿಸಲೂಬೇಡಿ.

ಮನೆಯೊಳಗೆ ಹಾರ್ನೆಸ್ ಹಾಕಿಸಿಕೊಂಡು ಓಡಾಡಲು ಒಗ್ಗಿದ ಮೇಲೆಯೇ ಹೊರಗೆ. ಬೆಳಗಿನ ಐದು ಗಂಟೆ ಅಥವಾ ರಾತ್ರಿ ಹತ್ತೂವರೆಯ ನಂತರ ಬೀದಿ ಶಾಂತವಾಗಿರುತ್ತದೆ. ಐದು ನಿಮಿಷ ಸಾಕು. ನೆಲಕ್ಕಂಟಿ ಕೂತುಬಿಟ್ಟರೆ ಎಳೆಯಬೇಡಿ, ನೀವೂ ನಿಂತುಕೊಳ್ಳಿ, ಆಮೇಲೆ ಬಂದ ದಾರಿಯಲ್ಲೇ ಹಿಂತಿರುಗಿ. ಓಣಿಯ ನಾಯಿಗಳು ಹೊಸದನ್ನು ಮುತ್ತುವುದು ಖಂಡಿತ, ಆದ್ದರಿಂದ ಅವುಗಳ ಜಾಗ ಬಿಟ್ಟು ಬೇರೆ ದಾರಿ ಹಿಡಿಯಿರಿ. ಒಳಬಾಗಿಲು ಹಾಕಿದ್ದನ್ನು ನೋಡದೆ ಹೊರಬಾಗಿಲು ತೆರೆಯಬಾರದು. ಸಿಲಿಂಡರಿನವರು, ಕೊರಿಯರ್‌ನವರು ಬಂದಾಗಲೂ ಇದೇ ನಿಯಮ.

ಇಷ್ಟಾದರೂ ತಪ್ಪಿಸಿಕೊಂಡರೆ ಹಿಂದೆ ಓಡಬೇಡಿ, ಕೂಗಬೇಡಿ. ಕಣ್ಣಿಗೆ ಕಾಣುತ್ತಿದ್ದರೆ ಪಕ್ಕೆ ಮಾಡಿ ನೆಲದ ಮೇಲೆ ಕೂತು ಕೋಳಿ ಎಸೆಯಿರಿ. ಕಾಣದಿದ್ದರೆ ಅದರ ರಗ್ಗನ್ನು ಗೇಟಿನ ಬಳಿ ಹಾಸಿ, ಊಟ ಇಟ್ಟು, ಶೆಲ್ಟರಿನವರಿಗೆ ತಕ್ಷಣ ತಿಳಿಸಿ. ಅಡಗಿದ ನಾಯಿ ಹೊರಬರುವುದು ಬಹುಪಾಲು ರಾತ್ರಿಯಲ್ಲಿ. ಹತ್ತು ಜನ ಸೇರಿ ಹುಡುಕಿದರೆ ಅದು ಮುಂದಿನ ಬಡಾವಣೆಗೆ ಓಡುತ್ತದೆ.

ಕಚ್ಚಿದರೆ ಅಥವಾ ಹಲ್ಲು ತಾಗಿ ತರಚಿದರೆ, ನಾಯಿಗೆ ಲಸಿಕೆ ಆಗಿದ್ದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಮೇಲಿಂದ ಮೇಲೆ ಫಾಸ್ಟರ್ ಮಾಡುವವರು ವೈದ್ಯರನ್ನು ಕೇಳಿ ಮುಂಚಿತವಾಗಿಯೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳುವುದು ಲೇಸು.

ದತ್ತು ಕೊಡುವಾಗ

ಫೋಟೊದ ಕೆಳಗೆ ‘ತುಂಬ ಫ್ರೆಂಡ್ಲಿ’ ಎಂದು ಬರೆಯಬೇಡಿ. ಏನಕ್ಕೆ ಹೆದರುತ್ತದೆ, ಗಂಡಸರ ಹತ್ತಿರ ಹೋಗುತ್ತದೆಯೇ, ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ, ಯಾವ ತಿಂಡಿಗೆ ಸೋಲುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಸುಳ್ಳು ಹೇಳಿ ಕಳಿಸಿದ ನಾಯಿ ತಿಂಗಳೊಳಗೆ ವಾಪಸು ಬರುತ್ತದೆ, ಬರುವಾಗ ಮೊದಲಿಗಿಂತ ಹೆಚ್ಚು ಹೆದರಿರುತ್ತದೆ.

ದತ್ತು ತೆಗೆದುಕೊಳ್ಳುವವರು ಕಡಿಮೆಯೆಂದರೂ ಮೂರು ಸಲ ನಿಮ್ಮ ಮನೆಗೆ ಬರಲಿ. ಮೊದಲ ಸಲ ನಾಯಿಯನ್ನು ಮಾತಾಡಿಸದೆ ಕಾಫಿ ಕುಡಿದು ಹೋಗಲಿ. ಎರಡನೆಯ ಸಲ ಬೆನ್ನ ಹಿಂದೆ ಕೋಳಿ ಎಸೆಯುವುದನ್ನು ಅವರಿಗೆ ಕಲಿಸಿ. ಮೊದಲ ದಿನವೇ ಎತ್ತಿಕೊಂಡು ಮುದ್ದಾಡಬೇಕು ಎನ್ನುವವರಿಗೆ ಈ ನಾಯಿ ಬೇಡ, ಎಷ್ಟೇ ಒಳ್ಳೆಯವರಾಗಿರಲಿ, ನಯವಾಗಿ ಬೇರೆ ನಾಯಿಯನ್ನು ತೋರಿಸಿ.

ಕಳಿಸುವ ದಿನ ರಗ್ಗನ್ನು ಒಗೆಯದೆ ಹಾಗೆಯೇ ಕೊಡಿ, ಹಾರ್ನೆಸ್ ಕೊಡಿ, ಒಂದು ವಾರಕ್ಕಾಗುವಷ್ಟು ಅದೇ ಆಹಾರ ಕೊಡಿ. ಕೋಣೆ, ಮೇಜು, ಮಂಚದ ಕೆಳಗಿನ ಟ್ರಂಕು ಎಲ್ಲವನ್ನೂ ಆ ಮನೆಯಲ್ಲಿ ಮುಂಚಿತವಾಗಿ ಹೋಗಿ ನೋಡಿಬನ್ನಿ. ಆಮೇಲೆ ಫೋನಿನಲ್ಲಿ ದಿನವೂ ಸಿಗಿ. ಆದರೆ ನೋಡುವ ಆಸೆಯಾಯಿತೆಂದು ಮೊದಲ ತಿಂಗಳಲ್ಲಿ ಅಲ್ಲಿಗೆ ಹೋಗಬೇಡಿ. ನೀವು ಎದ್ದು ಬಂದ ಮೇಲೆ ಅದು ಬಾಗಿಲ ಬಳಿ ಕಾಯುತ್ತ ಕೂತರೆ ಹೊಸ ಮನೆಯವರ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ.