90 ಸಾವಿರ ದಾಟಿದ ನನ್ನ ಡೈ

ಅಡಿಕೆ ಸುಲಿಯುವ ಮಷಿನ್ನಿನ ಗೇರ್ ಕವರ್ ಎರಕ ಹೊಯ್ಯಲು ನಾನು ಮಾಡಿದ ಡೈ (ಸ್ಟೀಲ್ ಅಚ್ಚು) ಹೋದ ತಿಂಗಳು 90 ಸಾವಿರ ಶಾಟ್ ದಾಟಿತು. ಕರಗಿದ ಅಲ್ಯೂಮಿನಿಯಂ ಒಂದು ಸಲ ಡೈಯೊಳಗೆ ಹೊಡೆದರೆ ಒಂದು ಶಾಟ್. ಇನ್ನೂ ಓಡುತ್ತಿದೆ. ಇದೇ ಕವರಿಗೆ ನಾನು ಮಾಡಿದ್ದ ಮೊದಲ ಡೈ 22 ಸಾವಿರಕ್ಕೇ ಗೇಟ್ (ಲೋಹ ಒಳನುಗ್ಗುವ ಬಾಯಿ) ಎದುರು ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು. ಚನ್ನಗಿರಿಯ ಪಾರ್ಟಿ ಪೀಸ್ ಮೇಲೆ ಎದ್ದ ಗೆರೆಗಳನ್ನು ಉಗುರಲ್ಲಿ ಸವರಿ, "ಏನಪಾ, ನರ ಎದ್ದಾವಲ್ಲ" ಅಂದರು. "ಡೈ ಎಲ್ಲ ಪೀಣ್ಯದೋರ ಕೆಲ್ಸ, ದಾವಣಗೆರೆಯಾಗೆ ಆಗಾಕಿಲ್ಲ ಬಿಡು" ಅಂತ ಇಲ್ಲಿನವರೇ ಹೇಳಿದರು.

ನಾನು ಸ್ಟೀಲಿಗೆ ಬೈದೆ. ಎರಡನೆಯದೂ ಎಚ್13 (ಬಿಸಿ ತಡೆಯುವ ಡೈ ಸ್ಟೀಲ್), 30 ಸಾವಿರದ ಆಸುಪಾಸಲ್ಲಿ ಮುಗಿಯಿತು. ಮೂರನೆಯದಕ್ಕೆ ದುಬಾರಿ ಸ್ಟೀಲ್ ತಂದೆ. ಬರೀ ಬ್ಲಾಕಿಗೇ ಒಂದೂಮುಕ್ಕಾಲು ಲಕ್ಷ. ಅದೂ 35 ಸಾವಿರ ಶಾಟಿಗೆ ಕೈಕೊಟ್ಟಿತು. ಆ ವರ್ಷ ನಾಲ್ಕು ಲಕ್ಷದ ಮೇಲೆ ಕಳೆದುಕೊಂಡೆ. ಮನೆಯವಳ ಬಳೆ ಬ್ಯಾಂಕ್ ಸೇರಿದವು.

ಎರಕವೂ ನಮ್ಮ ಶೆಡ್ಡಲ್ಲೇ, ಡೈಯನ್ನು 120 ಟನ್ ಬಲದಲ್ಲಿ ಮುಚ್ಚಿ ಹಿಡಿಯುವ ಹಳೇ ಮಷಿನ್. ಒಂದಿನ ಸುಮ್ನೆ ಶಾಟ್ ಪುಸ್ತಕದಲ್ಲಿ ಕರೆಂಟ್ ಹೋದ ಹೊತ್ತನ್ನೂ ಬರೆಸತೊಡಗಿದೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಸಲ ಹೋಗುತ್ತಿತ್ತು. ಕರೆಂಟ್ ಬಂದ ತಕ್ಷಣ ಹುಡುಗರು ತಣ್ಣಗಾದ ಡೈಗೇ 680 ಡಿಗ್ರಿ ಅಲ್ಯೂಮಿನಿಯಂ ಹೊಡೆಯುತ್ತಿದ್ದರು. ಬಿರುಕಿನ ಮೂಲ ಸಿಕ್ಕಿತು ಅಲ್ವಾ!

ಮೊದಲು ಗ್ಯಾಸ್ ಬರ್ನರಿಂದ ಕಾಯಿಸಿದೆ. ಜ್ವಾಲೆ ಒಂದೇ ಮೂಲೆಗೆ ಬಿದ್ದು ಅಲ್ಲಿ ಸ್ಟೀಲ್ ನೀಲಿ ತಿರುಗಿತು. ಟೆಸ್ಟ್ ಮಾಡಿಸಿದರೆ ರಾಕ್‌ವೆಲ್ ಸಿ ಅಳತೆಯಲ್ಲಿ 46 ಇದ್ದ ಹಾರ್ಡ್‌ನೆಸ್ 38ಕ್ಕೆ ಇಳಿದಿದೆ. ಆ ಡೈಯನ್ನೂ ಎಸೆದೆ. ಈಗ ಡೈ ಹಿಂದಿನ ಪ್ಲೇಟಲ್ಲಿ ರಾಡ್ ಹೀಟರ್ ಕೂರಿಸಿದ್ದೇನೆ. 200 ಡಿಗ್ರಿ ಆಗದೆ ಒಂದು ಶಾಟೂ ಇಲ್ಲ. ಕರೆಂಟ್ ಹೋದರೆ ಸಣ್ಣ ಜನರೇಟರ್ ಹೀಟರಿಗೆ ಮಾತ್ರ.

ಬಿರುಕಿಗೆ ಇನ್ನೊಂದು ಕಾರಣ, ಸ್ಪಾರ್ಕ್ ಮಷಿನ್ (ವಿದ್ಯುತ್ ಕಿಡಿಯಿಂದ ಸ್ಟೀಲ್ ಕೊರೆಯುವುದು) ಡೈ ಮೇಲೆ ಬಿಟ್ಟ ಪದರ. ಗಾಜಿನಂಥ ಗಡುಸು, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಪಾಲಿಷಲ್ಲಿ ಹೋಗುತ್ತದೆ ಅಂದುಕೊಂಡಿದ್ದೆ, ಹೋಗುವುದಿಲ್ಲ. ಕಲ್ಲು ಹಿಡಿದು ಎರಡು ದಿನ ಉಜ್ಜಲೇಬೇಕು. ಆಮೇಲೆ ಒಂದು ಸ್ಟ್ರೆಸ್ ರಿಲೀವಿಂಗ್, ಅಂದರೆ ಡೈಯನ್ನು ಕುಲುಮೆಯಲ್ಲಿ ಕಾಯಿಸಿ ಒಳಗಿನ ಬಿಗುವು ಇಳಿಸುವುದು. ಐದಾರು ಸಾವಿರ ಶಾಟಿಗೆ ಬಿಚ್ಚಿ ಇನ್ನೊಂದು, 20 ಸಾವಿರಕ್ಕೆ ಮತ್ತೊಂದು. "ಹೊಸ ಡೈ ವಾಪಸ್ ಯಾಕೆ ತಂದ್ರಿ?" ಅಂತ ಹೀಟ್ ಟ್ರೀಟ್‌ಮೆಂಟಿನವರು ನಕ್ಕರು. ಗಡುಸು ಮಾಡಿದ ಸ್ಟೀಲನ್ನು ಕಾಯಿಸಿ ಹದಕ್ಕೆ ತಂದ ಕೊನೆಯ ಟೆಂಪರಿಂಗ್‌ಗಿಂತ 25-30 ಡಿಗ್ರಿ ಕಮ್ಮಿ ಇಡಿ ಅಂತ ಚೀಟಿ ಬರೆದು ಕೊಟ್ಟು ಬಂದೆ. ಒಂದು ಸಲಕ್ಕೆ ಆರೇಳು ಸಾವಿರ ರೂಪಾಯಿ, ಎರಡು ದಿನ ಮಷಿನ್ ಖಾಲಿ. ಲೆಕ್ಕ ಹಾಕಿದರೆ ಅಗ್ಗ.

ನಡುವೆ ಕನ್ನಡಿ ಪಾಲಿಷ್ ಹುಚ್ಚೂ ಹಿಡಿದಿತ್ತು. ಮುಖ ಕಾಣುವಷ್ಟು ಮಾಡಿದೆ. ಲೋಹ ಅಂಟದಂತೆ ಹೊಡೆಯುವ ಸ್ಪ್ರೇ ಡೈ ಮೇಲೆ ನಿಲ್ಲದೆ ಅಲ್ಯೂಮಿನಿಯಂ ಕಚ್ಚಿಕೊಂಡಿತು. ಎಮರಿ ಹೊಡೆದು ಮಂಕು ಮಾಡಿದ ಮೇಲೆ ಸರಿಹೋಯಿತು. ನೈಟ್ರೈಡಿಂಗ್ (ನೈಟ್ರೋಜನ್ ಸೇರಿಸಿ ಮೇಲ್ಮೈ ಗಡುಸು ಮಾಡುವುದು) ದಪ್ಪ ಮಾಡಿಸಿ ಅಂಚು ಉದುರಿದ್ದೂ ಆಯಿತು. ಈಗ ತೆಳ್ಳಗೆ, ಪೀಸಿನಲ್ಲಿ ತೂತು ಬಿಡಿಸುವ ಕೋರ್ ಪಿನ್ನಿಗಷ್ಟೇ. ಮೊದಲ 50 ಶಾಟಿಗೆ ಮುಂಚೆ ನಾನೊಂದು ಲೇಪ ಸವರುತ್ತೇನೆ. ಅದರಲ್ಲಿ ಏನಿದೆ ಅಂತ ಕೇಳಬೇಡಿ.

ಮಾರುವುದು ಬೇರೆಯೇ ಕಷ್ಟ. ಡೈ ಬೆಲೆ 15 ಪರ್ಸೆಂಟ್ ಜಾಸ್ತಿ ಅಂದರೆ ಯಾರೂ ಕೂರುತ್ತಿರಲಿಲ್ಲ. ಕೊನೆಗೆ ಹರಿಹರದ ಪಂಪ್ ಪಾರ್ಟಿಗೆ ಹೇಳಿದೆ: ಅರ್ಧ ದುಡ್ಡು ಈಗ ಕೊಡಿ, ಉಳಿದದ್ದು 40 ಸಾವಿರ ಶಾಟ್ ಆದ ಮೇಲೆ. 60 ಸಾವಿರದ ಒಳಗೆ ಬಿರುಕು ಬಿಟ್ಟರೆ ರಿಪೇರಿ ಪುಕ್ಕಟೆ, ಆದರೆ ಹೀಟರ್ ಮತ್ತು ಶಾಟ್ ಪುಸ್ತಕ ಕಡ್ಡಾಯ. ಎಂಟು ತಿಂಗಳಿಗೆ ಬಾಕಿ ಬಂತು, ಜೊತೆಗೆ ಇನ್ನೆರಡು ಆರ್ಡರ್. ಬೇರೊಂದು ಪಾರ್ಟಿ ಪುಸ್ತಕ ಬರೆಯದೆ 28 ಸಾವಿರಕ್ಕೆ ಡೈ ಹೊತ್ತು ತಂದರು. ರಿಪೇರಿಗೆ ಬಿಲ್ ಹಾಕಿದೆ, ಜಗಳವಾಡಿ ಕೊಟ್ಟರು.

90 ಸಾವಿರದ ಆ ಡೈಗೆ ಮೂರು ಕೋರ್ ಪಿನ್ ಬದಲಿಸಿದ್ದೇನೆ, ಮುಚ್ಚಿಡುವುದಿಲ್ಲ. ಗೇಟ್ ಹತ್ತಿರ ಒಂದು ಕೂದಲೆಳೆ ಗೆರೆ ಕಾಣಿಸಿಕೊಂಡಿದೆ. ಅದರ ಉದ್ದವನ್ನು ಪ್ರತಿ ಶನಿವಾರ ಅಳೆದು ಬರೆಯುತ್ತಿದ್ದೇನೆ.